ಎರಡು ಹೆಜ್ಜೆ ಹಿಂದೆ

ಸಿನಿಮಾದಲ್ಲಿ ನಾಯಕಿ ನಡೆದು ಬರುವಾಗ ಕೇಳಿಸುವ ಸಪ್ಪಳ ನಾಯಕಿಯದಲ್ಲ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಗೊತ್ತಾದವರು ಸ್ವಲ್ಪ ಹೊತ್ತು ಮುನಿಸಿಕೊಳ್ಳುತ್ತಾರೆ. ಚಿತ್ರೀಕರಣದ ಗದ್ದಲದಲ್ಲಿ ಹೆಜ್ಜೆಯ ಸದ್ದು ಸರಿಯಾಗಿ ಸಿಗುವುದಿಲ್ಲವಾದ್ದರಿಂದ, ಆಮೇಲೆ ಮುಚ್ಚಿದ ಕೋಣೆಯೊಂದರಲ್ಲಿ ಪರದೆ ನೋಡುತ್ತ ಬೇರೆ ಯಾರೋ ನಡೆದು ಅದನ್ನು ತುಂಬಬೇಕು. ನಮ್ಮ ಸ್ಟುಡಿಯೋದಲ್ಲಿ ಆ ಬೇರೆ ಯಾರೋ ಎಂದರೆ ನಾವೆಲ್ಲ ಅಕ್ಕ ಎಂದು ಕರೆಯುವವಳು.

ಅಕ್ಕನಿಗೆ ಐವತ್ತಾರು. ಅವಳ ಕಪಾಟಿನ ತುಂಬ ಊರವರ ಕಾಲುಗಳು: ಪೊಲೀಸನ ಬೂಟು, ಮದುಮಗಳ ಚಪ್ಪಲಿ, ಖಳನಾಯಕನ ಕಿರುಗುಟ್ಟುವ ಷೂ. ಕಳ್ಳನಿಂದ ಹಿಡಿದು ಮಂತ್ರಿಯವರೆಗೆ ಯಾರೇ ನಡೆದರೂ ನಡೆದವಳು ಅವಳೇ. ಗಾಜಿನ ಆಚೆ ಕೂತು ಅದನ್ನೆಲ್ಲ ಮುದ್ರಿಸುವವನನ್ನು ನಾವು ಕಿವಿ ಎಂದು ಕರೆಯುತ್ತೇವೆ. ಅವನಿಗೂ ಒಂದು ಹೆಸರಿದೆ, ಸಂಬಳದ ದಿನ ಹೊರಬರುತ್ತದೆ. ವಯಸ್ಸು ನಲವತ್ತೊಂದು. ಯಾಕಪ್ಪ ಮದುವೆಯಾಗಲಿಲ್ಲ ಎಂದು ಕೇಳಿದರೆ, "ಮನೆಗೆ ಹೋದ ಮೇಲಾದ್ರೂ ನಿಶ್ಶಬ್ದ ಬೇಕಲ್ಲ" ಎನ್ನುತ್ತಿದ್ದ.

ಅಂಥವನು ಒಂದು ಮಧ್ಯಾಹ್ನ, "ಇನ್ನೊಂದು ಟೇಕ್ ತಗೊಳ್ಳೋಣ" ಎನ್ನುವ ಅದೇ ದನಿಯಲ್ಲಿ, ಗಾಜಿನ ಆಚೆಯಿಂದ ಮೈಕಿನಲ್ಲಿ ಕೇಳಿದ:

"ನಾವಿಬ್ಬರೂ ಮದುವೆ ಆಗೋಣ್ವಾ?"

ಅಕ್ಕನ ಒಂದು ಕಾಲಲ್ಲಿ ಪೊಲೀಸ್ ಬೂಟು ಇತ್ತು, ಇನ್ನೊಂದು ಕೈಯಲ್ಲಿತ್ತು. "ಯೋಚನೆ ಮಾಡ್ತೀನಿ" ಎಂದಳು. ಆವತ್ತಿನಿಂದ ಕಿವಿ ಅವಳನ್ನು ಅಕ್ಕ ಎನ್ನುವುದನ್ನು ಬಿಟ್ಟ. ಬೇರೆ ಏನನ್ನಬೇಕೆಂದು ತಿಳಿಯದೆ "ಹಲೋ" ಎಂದ, "ಇಲ್ಲಿ ಕೇಳಿ" ಎಂದ, ಒಮ್ಮೆ ಗಾಬರಿಯಲ್ಲಿ "ಮೇಡಂ" ಎಂದ. ಶಬ್ದ ಹಿಡಿಯುವುದೇ ಕಸುಬಾದ ಕಡೆ ಗುಟ್ಟು ಎಷ್ಟು ದಿನ ನಿಲ್ಲುತ್ತದೆ? ಚಿತ್ರ ಕತ್ತರಿಸಿ ಜೋಡಿಸುವ ನಾನು ಇರುವುದು ಮೇಲಿನ ಮಹಡಿಯಲ್ಲಿ. ನನಗೂ ಸಂಜೆಯೊಳಗೆ ತಲುಪಿತು.

ಅಕ್ಕನ ಕತೆಯನ್ನು ಇಲ್ಲೇ ಹೇಳಿಬಿಡಬೇಕು. ಇಪ್ಪತ್ತಕ್ಕೆ ಅವಳ ಮದುವೆಯಾದಾಗ ಗಂಡನಿಗೆ ಮೂವತ್ತೈದು. ಆ ಅಂತರದ ಬಗ್ಗೆ ಯಾರೂ ಸಿನಿಮಾ ತೆಗೆಯಲಿಲ್ಲ, ಗ್ರೂಪ್ ಫೋಟೋ ತೆಗೆದರು. ಒಳ್ಳೆಯ ಮನುಷ್ಯನೇ. ಕೊನೆಯ ವರ್ಷಗಳಲ್ಲಿ ಹಾಸಿಗೆ ಹಿಡಿದ. ಉಣಿಸಿದ್ದು, ಒರೆಸಿದ್ದು, ಮಗ್ಗುಲು ತಿರುಗಿಸಿದ್ದು ಎಲ್ಲ ಇವಳೇ.

"ಅದು ಎಂಥ ಕೆಲಸ ಅಂತ ನಂಗೊತ್ತು" ಎಂದಳು ನನ್ನ ಹತ್ತಿರ, ಟೀ ಕುಡಿಯುತ್ತ. "ಗೊತ್ತಿದ್ದೂ ಗೊತ್ತಿದ್ದೂ ಅದನ್ನ ತಗೊಂಡು ಹೋಗಿ ಆ ಹುಡುಗನ ತಲೆಗೆ ಕಟ್ಟಲಾ?"

"ಹುಡುಗ ಅಂತೀರಲ್ಲ, ತಲೆಯೆಲ್ಲ ನೆರೆದಿದೆ."

"ಕೂದಲು ನೆರೀತು. ಬುದ್ಧಿ ನೆರೀಲಿಲ್ಲ. ನೆರೆದಿದ್ರೆ ಇಂಥದ್ದು ಕೇಳ್ತಿದ್ನಾ?" ಎಂದವಳು ಲೋಟ ಕೆಳಗಿಟ್ಟಳು. "ಮಗಳಿಗೆ ಇನ್ನೂ ಹೇಳಿಲ್ಲ. ಯಾವ ಮುಖ ಇಟ್ಕೊಂಡು ಹೇಳ್ಲಿ?"

ಕಿವಿಗೆ ಬೇರೊಂದು ಊರಿನ ಸ್ಟುಡಿಯೋದಿಂದ ಕರೆ ಬಂದಿತ್ತು. ಅವಳು ಒಪ್ಪದಿದ್ದರೆ ಕೈಯಲ್ಲಿರುವ ಸಿನಿಮಾ ಮುಗಿದ ಮೇಲೆ ಹೋಗುತ್ತೇನೆಂದು ಅಕ್ಕನಿಗೆ ನೇರವಾಗಿ ಹೇಳಿದ್ದ. "ಕೋಪಕ್ಕಲ್ಲ. ದಿನಾ ಈ ಗಾಜಿನ ಆಚೆ ಕೂತು ನಿಮ್ಮ ಹೆಜ್ಜೆ ಕೇಳ್ಕೊಂಡು ಸುಮ್ಮನಿರೋಕೆ ನನ್ನ ಕೈಲಿ ಆಗಲ್ಲ."

ಕೈಯಲ್ಲಿದ್ದ ಸಿನಿಮಾವಾದರೂ ಎಂಥದ್ದು! ಕನ್ನಡಕದ ಅಂಗಡಿ ನಡೆಸುವ ಐವತ್ತು ದಾಟಿದ ಹೆಂಗಸು, ಕನ್ನಡಕ ಮಾಡಿಸಲು ಬಂದ ಮೂವತ್ತೈದರ ಮೇಷ್ಟ್ರು. ಕಣ್ಣು ಸರಿಯಿಲ್ಲದೆ ಇವಳನ್ನು ಪ್ರೀತಿಸಿದ ಎಂದು ಊರು ಆಡಿಕೊಳ್ಳುತ್ತದೆ. ಕನ್ನಡಕ ಬಂದ ಮೇಲೂ ಅವನು ಪ್ರೀತಿಸುತ್ತಾನೆ. ಕತೆ ಇಷ್ಟೇ. ಕೊನೆಯಲ್ಲಿ ಇಬ್ಬರೂ ಕಾರ್ಖಾನೆಯೊಂದರ ಉದ್ದನೆಯ ಗೋಡೆಯ ಪಕ್ಕ ಜಲ್ಲಿ ರಸ್ತೆಯಲ್ಲಿ ನಡೆದುಹೋಗುತ್ತಾರೆ. ಮಾತಿಲ್ಲ, ಹಾಡಿಲ್ಲ. ಸೊಂಟದಿಂದ ಮೇಲಷ್ಟೇ ಕಾಣುತ್ತಾರೆ. ಕಾಲು ಕಾಣದ ಮೇಲೆ, ಅವರು ಹೇಗೆ ನಡೆದರು ಎನ್ನುವುದು ಪೂರ್ತಿ ಅಕ್ಕನ ಕಾಲಿಗೆ ಬಿಟ್ಟದ್ದು.

ಪರದೆಯಲ್ಲಿ ಎಷ್ಟು ಜನರಿದ್ದರೂ ಒಂದು ಸಲಕ್ಕೆ ಒಬ್ಬರದೇ ಹೆಜ್ಜೆ ಮುದ್ರಿಸುವುದು ನಮ್ಮಲ್ಲಿನ ಪದ್ಧತಿ. ಆಮೇಲೆ ಬೇಕಾದ ಹಾಗೆ ಸರಿಸಬಹುದು, ಏರಿಸಬಹುದು, ಇಳಿಸಬಹುದು. ಅಕ್ಕ ಮೊದಲು ಮೇಷ್ಟ್ರ ಷೂ ಹಾಕಿ ನಡೆದಳು, ಆಮೇಲೆ ಚಪ್ಪಲಿ ಹಾಕಿ ನಾಯಕಿಯಾಗಿ ನಡೆದಳು. ಕಿವಿ ಎರಡನ್ನೂ ಕೂಡಿಸಿ, ನಿರ್ದೇಶಕಿಯನ್ನೂ ನನ್ನನ್ನೂ ಕರೆಸಿದ.

ನಿರ್ದೇಶಕಿ ಚಿಕ್ಕ ವಯಸ್ಸಿನವಳು, ದೊಡ್ಡವರನ್ನು ಕಂಡರೆ ಎದ್ದು ನಿಲ್ಲುವಷ್ಟು ವಿನಯ, ಕೆಲಸದಲ್ಲಿ ಮಾತ್ರ ಮೊಸರಲ್ಲಿ ಕಲ್ಲು ಹುಡುಕುವ ಜಾತಿ. ಕಣ್ಣು ಮುಚ್ಚಿ ಪೂರ್ತಿ ಕೇಳಿದಳು.

"ತಪ್ಪು ತಿಳ್ಕೋಬೇಡಿ ಅಕ್ಕ. ನಾನು ತೆಗೆದದ್ದು ಪ್ರೇಮಿಗಳನ್ನ. ಇಲ್ಲಿ ಕೇಳ್ತಿರೋದು, ಅತ್ತೇನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿರೋ ಅಳಿಯ."

ಅಷ್ಟರಲ್ಲಿ ಅಕ್ಕನನ್ನು ಮನೆಗೆ ಕರೆದೊಯ್ಯಲು ಮಗಳು ಬಂದಿದ್ದಳು. ಹಲ್ಲಿನ ಡಾಕ್ಟರು. ಬಾಯಿ ತೆರೆದು ಕೂತವರ ಎದುರು ದಿನವಿಡೀ ತಾನೊಬ್ಬಳೇ ಮಾತಾಡಿ ಅಭ್ಯಾಸ. "ನಾನೂ ಕೇಳ್ತೀನಿ ಕೊಡಿ ಅಂಕಲ್" ಎಂದು ಕಿವಿಯ ಹೆಡ್‌ಫೋನ್ ತಗೊಂಡು ಹಾಕಿಕೊಂಡಳು. ಕೇಳುತ್ತ ಕೇಳುತ್ತ ಅವಳ ಮುಖದಲ್ಲಿದ್ದ ತಮಾಷೆ ಇಳಿಯಿತು.

"ಅಮ್ಮ, ಇದು ನೀನು ಅಪ್ಪನ ಹಿಂದೆ ನಡೀತಿದ್ದೆಯಲ್ಲ, ಹಾಗೇ ಇದೆ."

"ಯಾರ ಹಿಂದೆ?"

"ಅಪ್ಪನ ಹಿಂದೆ. ಅಪ್ಪ ಮುಂದೆ, ನೀನು ಎರಡು ಹೆಜ್ಜೆ ಹಿಂದೆ. ನಾನು ಮಧ್ಯದಲ್ಲಿ, ಯಾರ ಕೈ ಹಿಡೀಬೇಕು ಅಂತ ಗೊತ್ತಾಗದೆ ಫ್ರಾಕಿನ ಜೇಬಲ್ಲಿ ಕೈ ಇಟ್ಕೊಂಡು ನಡೀತಿದ್ದೆ."

ಅಕ್ಕ ಚಪ್ಪಲಿ ಸರಿಮಾಡಿಕೊಂಡು ಇನ್ನೊಮ್ಮೆ ನಡೆದಳು. ಮತ್ತೆ ಎರಡು ಹೆಜ್ಜೆ ಹಿಂದೆಯೇ ಬಿತ್ತು. ಮಗದೊಮ್ಮೆ ನಡೆದಳು. ಕಿವಿ ಸರಿಸಿ ಕೂಡಿಸಿದರೂ ಹಿಂಬಾಲಿಸುವವಳ ನಡಿಗೆಯಾಗಿಯೇ ಕೇಳಿಸಿತು. ಹುಲಿಯ ಹೆಜ್ಜೆಯನ್ನೂ ಹೊಂದಿಸಿಕೊಟ್ಟವಳಿಗೆ ಒಬ್ಬ ಗಂಡಸಿನ ಪಕ್ಕದಲ್ಲಿ ನಡೆಯುವುದು ಬರಲಿಲ್ಲ.

"ಇಬ್ಬರು ಒಟ್ಟಿಗೇ ನಡೀರಿ" ಎಂದಳು ನಿರ್ದೇಶಕಿ. "ಒಂದೇ ಮೈಕು, ಒಂದೇ ಟೇಕ್. ಸರ್, ನೀವೇ ಬನ್ನಿ."

ಕಿವಿ ಗಾಬರಿಯಾದ. "ಹಾಗೆಲ್ಲ ಮಾಡೋಕಾಗಲ್ಲ. ಒಟ್ಟಿಗೆ ರೆಕಾರ್ಡ್ ಮಾಡಿದ್ರೆ ಆಮೇಲೆ ಬೇರೆ ಬೇರೆ ಮಾಡೋಕೆ ಬರಲ್ಲ."

"ಬೇರೆ ಯಾಕೆ ಮಾಡ್ಬೇಕು ಸರ್?"

ಕಿವಿ ಕುರ್ಚಿ ಬಿಟ್ಟು ಎದ್ದ. ಅವನ ಜಾಗದಲ್ಲಿ ನಾನು ಕೂತೆ. ಮಗಳು ಹೆಡ್‌ಫೋನ್ ಬಿಟ್ಟುಕೊಡಲಿಲ್ಲ, ನನ್ನ ಪಕ್ಕದಲ್ಲಿ ಕೂತಳು. ಕಿವಿ ಮೇಷ್ಟ್ರ ಷೂ ಹಾಕಿಕೊಂಡು, ಅಷ್ಟು ವರ್ಷ ನೋಡಿಯೂ ಕಾಲಿಡದ ಕಡೆ ಕಾಲಿಟ್ಟ.

ಜಲ್ಲಿ ಇರುವುದು ಮಂಚದಷ್ಟು ಅಗಲದ ಮರದ ತೊಟ್ಟಿಯಲ್ಲಿ. ಅದರಲ್ಲಿ ನಿಂತಲ್ಲೇ ನಡೆಯಬೇಕು. ಹೋಗಲಿಕ್ಕೆ ಜಾಗವಿಲ್ಲ, ಹಿಂದೆ ಬೀಳಲಿಕ್ಕೂ ಜಾಗವಿಲ್ಲ. ಜನ್ಮದಲ್ಲಿ ಅದನ್ನು ಮಾಡದ ಕಿವಿ ನಾಲ್ಕನೆಯ ಹೆಜ್ಜೆಗೇ ಜಾರಿದ. ಅಕ್ಕ ಥಟ್ಟನೆ ಅವನ ತೋಳು ಹಿಡಿದಳು, ಇಲ್ಲದಿದ್ದರೆ ಮೈಕನ್ನೂ ಕರೆದುಕೊಂಡೇ ಬೀಳುತ್ತಿದ್ದ.

"ಹಿಮ್ಮಡಿ ಮೊದಲು ಊರು. ಮಗು ನಡೆಯೋ ಹಾಗೆ ನಡೀತೀಯಲ್ಲ."

"ಕೂತು ತಿನ್ನೋ ಕೆಲಸ ನಂದು. ಸ್ವಲ್ಪ ಹಿಡ್ಕೊಂಡೇ ಇರಿ."

ಎರಡನೆಯ ಟೇಕ್ ಶುರುವಾಯಿತು. ಪರದೆಯಲ್ಲಿ ಕನ್ನಡಕದಂಗಡಿಯವಳೂ ಮೇಷ್ಟ್ರೂ ನಡೆದರು, ತೊಟ್ಟಿಯಲ್ಲಿ ಇವರಿಬ್ಬರೂ ನಡೆದರು. ಕಿವಿಯ ಹೆಜ್ಜೆ ಅಳುಕುತ್ತಿತ್ತು. ಅವನಿಗಾಗಿ ಅಕ್ಕ ನಿಧಾನ ಮಾಡಿದಳು, ಅವಳಿಗಾಗಿ ಅವನು ಬೇಗ ಮಾಡಿದ, ಎಲ್ಲೋ ಮಧ್ಯದಲ್ಲಿ ಎರಡೂ ಒಂದಾದವು. ಜಲ್ಲಿ ಅಷ್ಟು ಹಿತವಾಗಿ ಸದ್ದು ಮಾಡುವುದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಆಗ, ಪರದೆಯನ್ನೇ ನೋಡುತ್ತ, ಕಾಲು ನಿಲ್ಲಿಸದೆ, ಅಕ್ಕ ಹೇಳಿದಳು:

"ಹೂಂ. ಆಗೋಣ."

ಆ ಕೋಣೆಯಲ್ಲಿ ಟೇಕ್ ನಡೆಯುವಾಗ ಮಾತಾಡುವುದಕ್ಕಿಂತ ದೊಡ್ಡ ಪಾಪವಿಲ್ಲ. ಇಷ್ಟು ವರ್ಷದಲ್ಲಿ ಅಕ್ಕ ಒಂದು ಸಲ ಕೆಮ್ಮಿದವಳೂ ಅಲ್ಲ, ಸೀನು ಬಂದರೆ ನುಂಗುವವಳು. ಇನ್ನು ಕಿವಿ? ಬಾಳಿನಲ್ಲಿ ಕೇಳಬೇಕೆಂದಿದ್ದ ಒಂದೇ ಮಾತು ಕೇಳಿಯೂ ಅವನು ನಿಲ್ಲಲಿಲ್ಲ. ಟೇಕ್ ಅಲ್ಲವೇ. ಚಿತ್ರ ಮುಗಿಯುವವರೆಗೆ ಕಣ್ಣಲ್ಲಿ ನೀರು ತುಂಬಿಕೊಂಡು ಜಲ್ಲಿಯಲ್ಲಿ ನಡೆಯುತ್ತಲೇ ಇದ್ದ.

ಮಗಳು ಹೆಡ್‌ಫೋನ್ ತೆಗೆದಳು. ನಮ್ಮೆಲ್ಲರಿಗಿಂತ ಸ್ಪಷ್ಟವಾಗಿ ಕೇಳಿಸಿದ್ದು ಅವಳಿಗೆ.

"ಏನು ಆಗೋಣ?"

ಅಕ್ಕ ಬಾಯಿಯ ಮೇಲೆ ಕೈಯಿಟ್ಟುಕೊಂಡು ತೊಟ್ಟಿಯಲ್ಲೇ ನಿಂತಿದ್ದಳು. ಹೇಳಿದವನು ಕಿವಿ, ಷೂ ನೋಡಿಕೊಂಡು. "ನಾನು ಕೇಳಿದ್ದೆ. ಮದುವೆ ಆಗೋಣ್ವಾ ಅಂತ. ನಿಮ್ಮಮ್ಮ ಈಗ ಹೇಳಿದ್ರು."

ಮಗಳು ಗಾಜಿನ ಬಾಗಿಲು ತೆರೆದು ಒಳಗೆ ಹೋದಳು. ಅವಳ ಮುಖ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ. ಅಮ್ಮನನ್ನು ನೋಡಿದಳು, ಅಮ್ಮ ಇನ್ನೂ ಬಿಟ್ಟಿರದ ಆ ತೋಳನ್ನು ನೋಡಿದಳು. ಬ್ಯಾಗಿನಿಂದ ಸಣ್ಣ ಟಾರ್ಚು ತೆಗೆದಳು.

"ಬಾಯಿ ತೆಗೀರಿ ಅಂಕಲ್."

"ಯಾಕೆ?"

"ತೆಗೀರಿ."

ಕಿವಿ ತೆಗೆದ. ವರ ಪರೀಕ್ಷೆ ಅಷ್ಟು ಆಳಕ್ಕೆ ಹೋದದ್ದು ಬೇರೆಲ್ಲೂ ಇರಲಾರದು. ಮೇಲೆ, ಕೆಳಗೆ, ಎಡ, ಬಲ ಬೆಳಕು ಬಿಟ್ಟು ನೋಡಿ, ಟಾರ್ಚು ಆರಿಸಿ ಅಮ್ಮನ ಕಡೆ ತಿರುಗಿದಳು.

"ಎರಡು ಹುಳುಕು, ಒಂದು ಅಲ್ಲಾಡ್ತಿದೆ. ನಿನ್ನ ಹಲ್ಲು ಇವರಿಗಿಂತ ಗಟ್ಟಿ ಇದೆ ಅಮ್ಮ. ಹತ್ತು ಹೆಜ್ಜೆ ನೆಟ್ಟಗೆ ನಡೆಯೋಕೂ ಬರಲ್ಲ. ಮುಂದೆ ಯಾರು ಯಾರನ್ನ ನೋಡ್ಕೋಬೇಕಾಗುತ್ತೆ ಅಂತ ನನಗೇನೂ ಅನುಮಾನ ಇಲ್ಲ. ಯೋಚನೆ ಮಾಡೇ ಹೇಳಿದ್ಯಾ?"

"ಮಾಡಿದ್ದೆ" ಎಂದಳು ಅಕ್ಕ. ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡಕ್ಕೂ ಶಬ್ದವಿರಲಿಲ್ಲ.

"ಹಾಗಾದ್ರೆ ಸೋಮವಾರ ಕ್ಲಿನಿಕ್ಕಿಗೆ ಕಳಿಸು. ಅಪ್ಪ ಅಂತ ಕರೆಯಲ್ಲ, ಅದನ್ನ ಈಗ್ಲೇ ಹೇಳಿರ್ತೀನಿ."

"ಬೇಡಮ್ಮ" ಎಂದ ಕಿವಿ. "ಆದ್ರೆ ಅಂಕಲ್ ಕೂಡ ಬೇಡ. ನನಗಿನ್ನೂ ನಲವತ್ತೊಂದು."

ಅಕ್ಕನಿಗೆ ಆಗ ಕೆಲಸದ ನೆನಪಾಯಿತು. "ಅಯ್ಯೋ, ಟೇಕ್ ಹಾಳಾಯ್ತಲ್ಲ" ಎಂದು ಕೂಡಲೇ ಇನ್ನೊಮ್ಮೆ ನಡೆಯಲು ಹೊರಟಳು. ನಿರ್ದೇಶಕಿ ಬಿಡಲಿಲ್ಲ. ತನಗೆ ಬೇಕಾಗಿದ್ದ ನಡಿಗೆ ಇದೇ, ಇದು ಇನ್ನೊಮ್ಮೆ ಬರುವುದಿಲ್ಲ ಎಂದಳು. ಕಿವಿ ಆ ಎರಡು ಮಾತನ್ನು ಅಳಿಸಲು ನೋಡಿದ. ಹೆಜ್ಜೆಗೆ ಮಾತು ಹಾಗೆ ಅಂಟಿಕೊಂಡಿತ್ತು, ಬಿಡಿಸಲು ಬರಲಿಲ್ಲ. ಮನಸ್ಸಿಟ್ಟು ಪ್ರಯತ್ನಿಸಿದನೆಂದು ನಾನು ಪ್ರಮಾಣ ಮಾಡಲಾರೆ. ಕೊನೆಗೆ ಆ ಜಾಗದಲ್ಲಿ ಗೋಡೆಯ ಆಚೆ ಒಂದು ಲಾರಿ ಹಾದುಹೋಗುವ ಸದ್ದು ಹಾಕಿದೆವು.

ಸಿನಿಮಾ ಹೆಚ್ಚು ದಿನ ಓಡಲಿಲ್ಲ. ನಿಧಾನ ಅಂದರು, ವಯಸ್ಸಾದವಳಿಗೆ ಇದೆಲ್ಲ ಬೇಕಿತ್ತೆ ಅಂದರು. ಅದಕ್ಕೆ ಋಣಿಯಾಗಿರುವವರು ಊರಿನಲ್ಲಿ ಇಬ್ಬರು, ಮಗಳನ್ನೂ ನನ್ನನ್ನೂ ಸೇರಿಸಿದರೆ ನಾಲ್ವರು. ನಾವು ನಾಲ್ವರೂ ಸಾಲಾಗಿ ಕೂತು ನೋಡಿದೆವು. ಕೊನೆಯಲ್ಲಿ ಕಾಣದ ಲಾರಿ ಬಂತು. ಅದರ ಅಡಿಯಲ್ಲಿ ಏನಿದೆಯೆಂದು ಗೊತ್ತಿದ್ದವರಿಗೆ ಲಾರಿ ಕೇಳಿಸಲೇ ಇಲ್ಲ.

"ಪುಣ್ಯಾತ್ಮ ಡ್ರೈವರ್" ಎಂದಳು ಅಕ್ಕ, ಇಲ್ಲದ ಆ ಡ್ರೈವರಿಗೆ ಕತ್ತಲಲ್ಲೇ ಕೈಮುಗಿದು. "ಅವನ ಗಾಡಿ ನೂರು ವರ್ಷ ಓಡಲಿ."

ಹೊರಗೆ ವಾಹನ ನಿಲ್ಲಿಸುವ ಕಡೆ ಜಲ್ಲಿ ಹಾಸಿತ್ತು. ಅಕ್ಕ ಮಗಳ ಜೊತೆ ಮಾತಾಡುತ್ತ ಸರಸರ ಮುಂದೆ ಹೋದಳು. ಕಿವಿ ನನ್ನ ಜೊತೆ ಹಿಂದೆ ಉಳಿದ. ಅವಳು ದೂರವಾಗುವುದನ್ನು ನೋಡಿ ಕರೆದ, ತಡವರಿಸದೆ:

"ರೀ, ಸ್ವಲ್ಪ ನಿಧಾನ."

ಅಕ್ಕ ನಿಂತಳು. ಅವನು ಪಕ್ಕಕ್ಕೆ ಬರುವವರೆಗೆ ಕಾದಳು.