ಬಾಯಿ ತೆರೆದಾಗ ನಿಲ್ಲುವ ಚಿತ್ರ

ತರಕಾರಿ ಮಂಡಿಯಲ್ಲಿ ಇಪ್ಪತ್ತೆಂಟು ವರ್ಷ ಹರಾಜು ಕೂಗಿದವರು ಅವರು. ಬೆಳಗಿನ ಆರು ಗಂಟೆಗೆ ಅವರು ಬಾಯಿ ಬಿಟ್ಟರೆ ಎರಡು ಬೀದಿಯಾಚೆ ಮಲಗಿದವರಿಗೂ ಎಚ್ಚರವಾಗುತ್ತಿತ್ತು. ಅದಕ್ಕೇ ಮಂಡಿಯವರು ಅವರಿಗೆ ಕಹಳೆ ಎಂದು ಹೆಸರಿಟ್ಟಿದ್ದರು. ಒಂದು ದಿನ ಮೆದುಳಿಗೆ ರಕ್ತ ಹರಿಯುವುದು ನಿಂತು ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದವು. ಆರು ತಿಂಗಳಲ್ಲಿ ಕಾಲು ಅಷ್ಟಿಷ್ಟು ಬಂತು. ಮಾತು ಬರಲಿಲ್ಲ.

ಮಾತು ಮರೆತವರಿಗೆ ಮತ್ತೆ ಮಾತು ಕಲಿಸುವುದೇ ಟೀಚರ ಕೆಲಸ. ಆಸ್ಪತ್ರೆಯ ಕೆಲಸ ಬಿಟ್ಟ ಮೇಲೆ ಮನೆಯ ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕುಳಿತು ವಿಡಿಯೋ ಕರೆಯಲ್ಲಿ ಪಾಠ ಮಾಡುತ್ತಿದ್ದಳು. ತೊದಲುವ ಇಬ್ಬರು ಹುಡುಗಿಯರು, ಮತ್ತೆ ಈ ಕಹಳೆ. ವಾರಕ್ಕೆ ಮೂರು ದಿನ, ಬೆಳಗ್ಗೆ ಹನ್ನೊಂದಕ್ಕೆ ಅವರ ಪಾಠ. ಚಿತ್ರ ತೋರಿಸುವುದು, ಅದರ ಹೆಸರು ಹೇಳುವುದು, ಆಮೇಲೆ ಕಾಯುವುದು. ಕಾಯುವುದೇ ಮುಖ್ಯ. ಅವರ ತುಟಿ ನಡುಗುತ್ತದೆ, ಕುತ್ತಿಗೆಯ ನರ ಉಬ್ಬುತ್ತದೆ, ನಾಲಿಗೆ ಜಾಗ ಹುಡುಕುತ್ತದೆ. ಒಂದು ನಿಮಿಷ, ಕೆಲವು ಸಲ ಎರಡು. ಅಷ್ಟೂ ಹೊತ್ತು ಟೀಚರ ಮುಖದಲ್ಲಿ 'ನಾನಿದ್ದೇನೆ, ಅವಸರವಿಲ್ಲ' ಎನ್ನುವುದು ಕಾಣುತ್ತಿರಬೇಕು.

ಆದರೆ ಸರಿಯಾಗಿ ಆ ಹೊತ್ತಿಗೇ ಪರದೆಯ ಮೇಲಿನ ಚಿತ್ರ ನಿಂತುಬಿಡುತ್ತಿತ್ತು.

ಮೊದಲ ದಿನ ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಎರಡನೆಯ ವಾರ ಹಲ್ಲು ಕಚ್ಚಿಕೊಂಡಳು. ಮೂರನೆಯ ವಾರ ಇಂಟರ್ನೆಟ್ ಕಂಪನಿಗೆ ಫೋನು ಮಾಡಿದಳು. ಇಪ್ಪತ್ತು ನಿಮಿಷ ಕೊಳಲು ಕೇಳಿದ ಮೇಲೆ ಒಂದು ಹುಡುಗಿಯ ದನಿ ಬಂತು.

"ಮೇಡಂ, ರೂಟರ್ ಆಫ್ ಮಾಡಿ ಆನ್ ಮಾಡಿದ್ರಾ?"

"ಮಾಡಿದೆನಮ್ಮ. ಹತ್ತು ಸಲ ಮಾಡಿದೀನಿ."

"ಇನ್ನೊಂದ್ಸಲ ಮಾಡಿ ಮೇಡಂ, ನಾನು ಲೈನಲ್ಲೇ ಇರ್ತೀನಿ."

ಅವಳು ಎದ್ದುಹೋಗಿ ಹಾಲಿನಲ್ಲಿದ್ದ ರೂಟರ್ ಆರಿಸಿದಳು. ವಾಪಸು ಬರುವಷ್ಟರಲ್ಲಿ ಫೋನು ಕಟ್ಟಾಗಿತ್ತು. ಮತ್ತೆ ಮಾಡಿದರೆ ಮತ್ತೆ ಕೊಳಲು.

ನಾಲ್ಕು ದಿನದ ಮೇಲೆ ಲೈನಿನವನು ಬಂದ. ಚಪ್ಪಲಿ ಬಿಡುವ ಮೊದಲೇ ಹಾಲಿನ ಮೂಲೆಗೆ ಕಣ್ಣು ಹಾಯಿಸಿ, "ಹಸಿರು ಲೈಟ್ ಇದೆಯಲ್ಲಮ್ಮ," ಎಂದ.

"ಲೈಟ್ ಇದೆಯಪ್ಪ, ಚಿತ್ರ ನಿಲ್ಲುತ್ತೆ."

"ಈಗ ನಿಂತಿದೆಯಾ?"

ಈಗ ನಿಂತಿರಲಿಲ್ಲ. ಅವನು ತನ್ನ ಮೊಬೈಲಿನಲ್ಲಿ ಏನೋ ಅಳೆದ, ಅವಳ ಮೂಗಿನ ಹತ್ತಿರ ಹಿಡಿದು ತೋರಿಸಿದ, ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋದ. ಕಾಗದದಲ್ಲಿ 'ದೂರು ಬಗೆಹರಿದಿದೆ' ಎಂದಿತ್ತು. ಮರುದಿನ ಹನ್ನೊಂದೂ ಕಾಲಿಗೆ ಕಹಳೆಯವರು ಬಾಯಿ ತೆರೆದರು, ಚಿತ್ರ ನಿಂತಿತು.

ಟೀಚರ ಗಂಡ ನೀರು ಸರಬರಾಜು ಕಚೇರಿಯಲ್ಲಿ ನಕ್ಷೆ ಬರೆಯುವವನು. ಪೈಪು ಎಲ್ಲಿ ಸೋರುತ್ತಿದೆ ಎಂದು ಕಾಗದದ ಮೇಲೇ ಹೇಳಬಲ್ಲೆ ಎನ್ನುವ ಹಮ್ಮು ಅವನಿಗೆ. "ಇದೂ ಪೈಪೇ ಕಣೇ. ಎಲ್ಲೋ ಸಣ್ಣದಾಗಿದೆ," ಎಂದು ಶನಿವಾರ ಅಂಗಡಿಗೆ ಹೋದ. ಬರುವಾಗ ಆರು ಕೊಂಬಿನ ಹೊಸ ರೂಟರ್ ತಂದ. ಟೇಬಲ್ಲಿನ ಮೇಲೆ ಇಟ್ಟರೆ ಅಂಗಾತ ಬಿದ್ದ ಜಿರಳೆಯ ಹಾಗೆ ಕಾಣುತ್ತಿತ್ತು. ಹಾಕಿ ಪರೀಕ್ಷೆ ಮಾಡಿದರು. ಗಂಡ ಅಡುಗೆಮನೆಯಲ್ಲಿ ನಿಂತು ಮೊಬೈಲಿನಲ್ಲಿ ಹಲ್ಲು ಕಿರಿದ, ಹೆಂಡತಿ ಕೋಣೆಯಲ್ಲಿ ನೋಡಿದಳು. ಅರ್ಧ ಗಂಟೆ ಚಿತ್ರ ಒಂದು ಸಲವೂ ಅಲುಗಲಿಲ್ಲ.

ಸೋಮವಾರ ಹನ್ನೊಂದೂ ಹತ್ತಕ್ಕೆ ನಿಂತಿತು.

"ಹಾಗಾದ್ರೆ ಕಂಪ್ಯೂಟರೇ ಸುಸ್ತಾಗಿದೆ. ರ್‍ಯಾಮ್ ಹಾಕೋಣ," ಎಂದ ಗಂಡ. ಮುಂದಿನ ಭಾನುವಾರ ಡಬ್ಬಿ ಬಿಚ್ಚಿದ. ಒಳಗೆ ಬೆರಳುದ್ದ ಧೂಳು. ಒರೆಸಿ, ಊದಿ, ಸೀನಿ, ಹೊಸ ರ್‍ಯಾಮ್ ಪಟ್ಟಿ ಒತ್ತಿ ಕೂರಿಸಿದ. ಗುಂಡಿ ಅದುಮಿದರೆ ಪರದೆ ಕಪ್ಪಗೇ ಇದ್ದು ಕಂಪ್ಯೂಟರ್ ಮೂರು ಸಲ ಕೀಚಲು ದನಿಯಲ್ಲಿ ಕಿರುಚಿತು. ತೆಗೆದು ಹಾಕಿದ, ಮತ್ತೆ ಕಿರುಚಿತು. ಮಧ್ಯಾಹ್ನದ ಊಟ ಆರಿ ತಣ್ಣಗಾಯಿತು. ಐದನೆಯ ಸಲ ಟೀಚರೇ ಮುಂದೆ ಬಂದು ಎರಡೂ ಹೆಬ್ಬೆರಳಿಟ್ಟು ಒತ್ತಿದಳು. ಟಕ್ ಎಂದಿತು. ಕಂಪ್ಯೂಟರ್ ಎದ್ದಿತು.

"ನಾನು ಸಡಿಲ ಮಾಡಿಟ್ಟಿದ್ದೆ, ಅದಕ್ಕೇ ಹೋಯ್ತು," ಎಂದ ಗಂಡ. ಕಂಪ್ಯೂಟರ್ ಮೊದಲಿಗಿಂತ ಚುರುಕಾಯಿತು, ನಿಜ. ಚಿತ್ರ ನಿಲ್ಲುವುದು ಮಾತ್ರ ತಪ್ಪಲಿಲ್ಲ.

ತೊದಲುವ ಹುಡುಗಿಯರ ಪಾಠದಲ್ಲಿ ಹೀಗೆ ಆಗುತ್ತಲೇ ಇರಲಿಲ್ಲ. ಅಂದ ಮೇಲೆ ತಪ್ಪು ಕಹಳೆಯವರ ಮನೆಯ ಕಡೆಯದೇ ಎಂದು ಅವಳು ತೀರ್ಮಾನಿಸಿದಳು. ಅವರ ಹೆಂಡತಿಗೆ ಫೋನಿನಲ್ಲಿ ಹೇಳಿದಳು: "ತೊಂದರೆ ನಿಮ್ಮ ಕಡೆಯದು, ಕಿಟಕಿ ಹತ್ತಿರ ಕೂರಿಸಿ ನೋಡಿಮ್ಮ." ಮುಂದಿನ ಪಾಠಕ್ಕೆ "ಬಾಲ್ಕನಿಗೆ ಕರ್ಕೊಂಡು ಹೋಗಿ," ಎಂದಳು. ಅದರ ಮುಂದಿನ ಪಾಠಕ್ಕೆ "ಮಗಳ ಫೋನ್ ಇಸ್ಕೊಳ್ಳಿ." ಅರವತ್ತು ದಾಟಿದ ಆ ಹೆಂಗಸು ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಗಂಡನ ಭುಜ ಹಿಡಿದು, ಕುರ್ಚಿಯನ್ನು ಕಾಲಿನಿಂದ ತಳ್ಳುತ್ತ ಮನೆಯೆಲ್ಲ ಸುತ್ತಿದಳು. ಕೊನೆಗೊಂದು ದಿನ ಕಹಳೆಯವರು ಹಿಂಬದಿಯ ಬಾಲ್ಕನಿಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಪಾಠ ಕೇಳಿದರು. ಅಲ್ಲೂ ನಿಂತಿತು.

ಅದಾದ ಮೇಲೆ ಎರಡು ಪಾಠಕ್ಕೆ ಅವರು ಬರಲಿಲ್ಲ. ಮೂರನೆಯದಕ್ಕೆ ಹೆಂಡತಿಯ ಫೋನು ಬಂತು.

"ಇನ್ಮೇಲೆ ಬೇಡ ಅಂತಿದಾರೆ ಟೀಚರ್."

"ನೆಟ್ ತೊಂದರೆ ಅಂತ ಬೇಜಾರಾ? ಸರಿಮಾಡಿಸ್ತಾ ಇದೀನಿ, ಸ್ವಲ್ಪ ತಡ್ಕೊಳ್ಳಿ."

"ನೆಟ್ಟಲ್ಲ ಟೀಚರ್." ಆಕೆ ದನಿ ತಗ್ಗಿಸಿದಳು. ಗಂಡ ಪಕ್ಕದಲ್ಲೇ ಇದ್ದಿರಬೇಕು. "ಅವರು ಮಾತಾಡೋಕೆ ಹೋದಾಗಲೆಲ್ಲ ನಿಮ್ಮ ಮುಖ ಕಲ್ಲಾಗಿಬಿಡುತ್ತೆ. ಬಾಯಿ ಅರ್ಧ ತೆರೆದು, ಹುಬ್ಬು ಗಂಟು ಹಾಕ್ಕೊಂಡು. ಯಂತ್ರ ಕೆಟ್ಟಿದೆ ಅಂತ ಎಷ್ಟು ಹೇಳಿದ್ರೂ ಅವರಿಗೆ ತಿಳಿಯಲ್ಲ. ತಾನು ತಪ್ಪು ಹೇಳಿದ್ದಕ್ಕೆ ನಿಮಗೆ ಸಿಟ್ಟು ಬಂತು ಅಂದ್ಕೊಂಡಿದಾರೆ. ಕೊನೇ ದಿನ ಒಗೆಯೋ ಕಲ್ಲಿನ ಮೇಲೆ ಕೂತು 'ಬಿಸಿಲು ಜಾಸ್ತಿ' ಅಂದ್ರು ಟೀಚರ್. ಎರಡು ಮಾತು, ಸೇರಿಸಿ. ನಾನು ಕೇಳಿದೆ. ನೀವು ಏನೂ ಅನ್ನಲಿಲ್ಲ, ಹಾಗೇ ನೋಡ್ತಾ ಇದ್ರಿ. ಆಮೇಲಿಂದ ಅವರು ಬಾಯೇ ಬಿಟ್ಟಿಲ್ಲ."

ಟೀಚರ ಕೈಯಲ್ಲಿದ್ದ ಪೆನ್ನು ಮೇಜಿನ ಮೇಲೆ ಬಿತ್ತು. ಎರಡು ಮಾತು ಸೇರಿಸಿ ಹೇಳುವುದಕ್ಕಾಗಿ ಅವಳು ಮೂರು ತಿಂಗಳಿಂದ ಕಾಯುತ್ತಿದ್ದಳು. ಬಂದೇಬಿಟ್ಟಿತ್ತು. ಅವಳ ಎದುರಿಗೇ ಬಂದಿತ್ತು.

"ಒಂದು ಕೇಳ್ಲಾ ಟೀಚರ್?" ಎಂದಳು ಆ ಹೆಂಗಸು. "ನಂಗೆ ಇದೆಲ್ಲ ಗೊತ್ತಾಗಲ್ಲ. ಆದ್ರೆ ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ ಬರುತ್ತಲ್ಲ, ಅದು ಬಂದ ಮೇಲೇನೇ ನೀವು ಕಲ್ಲಾಗೋದು. ಅದಿಲ್ಲದಾಗ ಚೆನ್ನಾಗೇ ಇರ್ತೀರಿ."

ಕೆಂಪು ಚುಕ್ಕೆ ಎಂದರೆ ರೆಕಾರ್ಡಿಂಗ್. ಎಷ್ಟು ಸುಧಾರಿಸಿದ್ದಾರೆ ತೋರಿಸಿ ಎಂದು ನರರೋಗದ ವೈದ್ಯರು ಕೇಳಿದ್ದರಿಂದ, ಕಹಳೆಯವರು ಮಾತಿಗೆ ಸಿದ್ಧರಾದಾಗಲೆಲ್ಲ ಅವಳು ಅದನ್ನು ಒತ್ತುತ್ತಿದ್ದಳು. ಹುಡುಗಿಯರ ಪಾಠದಲ್ಲಿ ಒತ್ತುತ್ತಿರಲಿಲ್ಲ. ಗಂಡನ ಜೊತೆ ಪರೀಕ್ಷೆ ಮಾಡುವಾಗಲೂ ಒತ್ತಿರಲಿಲ್ಲ. ಲೈನಿನವನು ಬಂದಾಗಲೂ ಇಲ್ಲ.

ಗಂಡ ಕಚೇರಿಯಿಂದ ಬಂದ ಕೂಡಲೇ ಮುಖ ತೊಳೆಯುವುದಕ್ಕೂ ಬಿಡದೆ ಅವನನ್ನು ಅಡುಗೆಮನೆಗೆ ಅಟ್ಟಿದಳು. ರೆಕಾರ್ಡಿಂಗ್ ಒತ್ತಿದಳು. ಪರದೆಯಲ್ಲಿ ಗಂಡ ಹಲ್ಲು ಕಿರಿದಂತೆಯೇ ಕಲ್ಲಾದ. ನಿಲ್ಲಿಸಿದಳು, ಅವನು ಕಣ್ಣು ಮಿಟುಕಿಸಿದ. ಮತ್ತೆ ಒತ್ತಿದಳು, ಮತ್ತೆ ಕಲ್ಲು. ಹೀಗೆ ಏಳು ಸಲ. ಆಮೇಲೆ ಟೇಬಲ್ಲನ್ನು ಗೋಡೆಯಿಂದ ಎಳೆದು ಕಂಪ್ಯೂಟರಿನ ಬೆನ್ನು ನೋಡಿದಳು. ಗಾಳಿಯಲ್ಲಿ ಬರುವ ನೆಟ್ ಹಿಡಿಯುವ ಉಗುರಿನಷ್ಟು ಚಿಕ್ಕ ಪಿನ್ನು ಅಲ್ಲಿತ್ತು. ಅದಕ್ಕೆ ಒತ್ತಿಕೊಂಡು, ಪಕ್ಕದ ತೂತಿನಲ್ಲೇ, ರೆಕಾರ್ಡಿಂಗ್ ತುಂಬಿಡಲು ಗಂಡ ತಂದುಕೊಟ್ಟ ಹಾರ್ಡ್ ಡಿಸ್ಕಿನ ವೈರು.

ಡಿಸ್ಕನ್ನು ಕಿತ್ತಳು. ಕಂಪ್ಯೂಟರಿನ ಒಳಗೇ ರೆಕಾರ್ಡ್ ಆಗುವಂತೆ ಮಾಡಿ ಒತ್ತಿದಳು. ಗಂಡ ಅಡುಗೆಮನೆಯಲ್ಲಿ ಕೈ ಬೀಸುತ್ತಲೇ ಇದ್ದ.

ರೂಟರ್ ಮಾರಿದ ಅಂಗಡಿಯವನಿಗೆ ಫೋನು ಮಾಡಿದರೆ ಅವನು ನಕ್ಕ. "ಹೌದು ಮೇಡಂ, ಆ ಡಿಸ್ಕ್ ಓಡುವಾಗ ಅದರ ವೈರು ಗಲಾಟೆ ಮಾಡುತ್ತೆ, ಪಕ್ಕದಲ್ಲಿರೋ ಪಿನ್ನಿಗೆ ನೆಟ್ ಕೇಳಿಸೋದೇ ಇಲ್ಲ. ಗೊತ್ತಿರೋದೇ ಇದು. ಎರಡನ್ನೂ ಒಂದು ಮೊಳ ದೂರ ಇಟ್ಬಿಡಿ, ಸಾಕು."

"ಗೊತ್ತಿತ್ತಾ ನಿಮಗೆ?"

"ನೀವು ಡಿಸ್ಕ್ ವಿಷಯ ಹೇಳಲೇ ಇಲ್ವಲ್ಲ ಮೇಡಂ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಯಾರ ಮೇಲೆ ಎಂದು ಅವಳಿಗೇ ಗೊತ್ತಾಗಲಿಲ್ಲ. ಅಂಗಡಿಯವನು ಹೇಳಿದ್ದು ಸುಳ್ಳಲ್ಲ. ಕಂಪನಿಯ ಹುಡುಗಿ, ಲೈನಿನವನು ಯಾರೂ ಸುಳ್ಳು ಹೇಳಿರಲಿಲ್ಲ. ನೆಟ್ ಸರಿಯಾಗೇ ಇತ್ತು. ಸುಳ್ಳು ಹೇಳಿದವಳು ತಾನೊಬ್ಬಳೇ, 'ತೊಂದರೆ ನಿಮ್ಮ ಕಡೆಯದು' ಎಂದು, ಆ ಮುದುಕಿಗೆ. ಗಂಡ ಬಾಗಿಲಲ್ಲಿ ನಿಂತು, "ಡಿಸ್ಕ್ ಅಲ್ಲಿ ಚುಚ್ಚಿದ್ದು ನಾನೇ ಅಲ್ವಾ," ಎಂದ.

ಮರುದಿನ ಎರಡು ಬಸ್ಸು ಬದಲಿಸಿ ಅವರ ಮನೆಗೆ ಹೋದಳು. ಮೂರನೆಯ ಮಹಡಿ, ಲಿಫ್ಟಿಲ್ಲ. ಅವಳನ್ನು ಕಂಡು ಕಹಳೆಯವರು ಎಡಗೈಯಿಂದ ಕುರ್ಚಿಯ ಹಿಡಿ ಅಮುಕಿ ಗೋಡೆಗೆ ಮುಖ ಮಾಡಿದರು.

"ಸರ್, ನನಗೆ ಸಿಟ್ಟು ಬಂದಿರಲಿಲ್ಲ," ಎಂದಳು. "ನನ್ನ ಚಿತ್ರ ನಿಂತಿತ್ತು. ನಿಮ್ಮ ಚಿತ್ರವೂ ನನಗೆ ನಿಂತೇ ಕಾಣ್ತಿತ್ತು. ನೀವು ಹೇಳಿದ್ದು ನಂಗೆ ಕೇಳಿಸಲೇ ಇಲ್ಲ. ತಪ್ಪು ನನ್ನ ಕೋಣೇಲಿತ್ತು."

ಅವರು ತಿರುಗಲಿಲ್ಲ. ಅವಳು ಅವರಿಗೂ ಗೋಡೆಗೂ ನಡುವೆ ಮೊಣಕಾಲೂರಿ ಕುಳಿತಳು, ಬಾಯಿ ಅರ್ಧ ತೆರೆದು ಹುಬ್ಬು ಗಂಟಿಕ್ಕಿ ಕಲ್ಲಿನಂತೆ ಉಳಿದಳು. ಹತ್ತು ಎಣಿಸುವಷ್ಟು ಹೊತ್ತು. ಆಮೇಲೆ ಫಕ್ಕನೆ ಮುಖ ಸಡಿಲಿಸಿ, "ಹೀಗೆ ತಾನೇ ಇದ್ದಿದ್ದು?" ಎಂದಳು.

ಅವರ ಮುಖದ ಎಡಭಾಗ ಕೊಂಚ ಮೇಲೆದ್ದಿತು. ಬಲಭಾಗ ಏಳುವಂತಿರಲಿಲ್ಲ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವರು ಬಾಯಿ ತೆರೆದರು, ತುಟಿ ನಡುಗಿತು, ಟೀಚರ್ ಕಾದಳು. ಬಹಳ ಹೊತ್ತಾದ ಮೇಲೆ "ನಾ... ನಾಳೆ," ಎಂದರು.

ಮರುದಿನ ಪಾಠ ನಲವತ್ತು ನಿಮಿಷ ನಡೆಯಿತು. ಚಿತ್ರ ಒಂದು ಸಲವೂ ನಿಲ್ಲಲಿಲ್ಲ. ಕಹಳೆಯವರ ಬಾಯಿಂದ ಒಂದು ಪದವೂ ಬರಲಿಲ್ಲ. ಬೀಗದ ಚಿತ್ರಕ್ಕೆ ಇಲ್ಲ, ಛತ್ರಿಗೆ ಇಲ್ಲ. ಕೊನೆಗೆ ರೇಗಿ ಎಡಗೈಯಿಂದ ಮೇಜು ಗುದ್ದಿದರು. ಆ ರೇಗಾಟ ಎಲ್ಲೂ ತುಂಡಾಗದೆ ಪೂರ್ತಿ ಅವಳಿಗೆ ತಲುಪಿತು. ಮುಂದಿನ ಪಾಠವೂ ಹಾಗೇ ಹೋಯಿತು, ಅದರ ಮುಂದಿನದೂ. ಹಿಂದೆ ಬಂದಿದ್ದ ಪದಗಳೂ ಬರುತ್ತಿರಲಿಲ್ಲ. ಅವಳು ಮತ್ತೆ ಮೊದಲ ಹಾಳೆಯಿಂದ ಶುರು ಮಾಡಿದಳು.

ಐದನೆಯ ವಾರ ಒಂದು ಬುಧವಾರ ಕತ್ತರಿಯ ಚಿತ್ರ ಹಿಡಿದು ಅವಳು ಕಾಯುತ್ತಿದ್ದಳು. ಹಿಂದೆ ನಿಂತ ಹೆಂಡತಿ ತಡೆಯಲಾರದೆ, "ಕ... ಕ ಅನ್ನಿ, ಕ," ಎಂದು ಪಿಸುಗುಟ್ಟುತ್ತಲೇ ಇದ್ದಳು. ಕಹಳೆಯವರು ನಿಧಾನಕ್ಕೆ ಹಿಂದೆ ತಿರುಗಿದರು.

"ನೀ ಸುಮ್ನಿರು," ಎಂದರು.

ಆ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡು ಪರದೆಯಿಂದಾಚೆ ಓಡಿದಳು. ಅಳುತ್ತಿದ್ದಳೋ ನಗುತ್ತಿದ್ದಳೋ ಟೀಚರಿಗೆ ತಿಳಿಯಲಿಲ್ಲ.