ಕಚ್ಚಿದರೂ ಹೋಗದ ಕೈ

ನಾನು ಒಂದು ಹಾವು. ಪುಸ್ತಕ ಕೆಳಗೆ ಹಾಕಬೇಡಿ! ನನಗೆ ವಿಷವಿಲ್ಲ, ಹೆಡೆಯಿಲ್ಲ, ತಲೆಯ ಮೇಲೆ ಮಣಿಯೂ ಇಲ್ಲ. ಹಾವಿಗೆ ಕಿವಿ ಎಲ್ಲಿದೆ, ಜನರ ಮಾತು ಇದಕ್ಕೆ ಹೇಗೆ ತಿಳಿಯಿತು ಎಂದು ನೀವು ಕೇಳಬಹುದು. ಆತ್ಮಕಥೆ ಹೇಳಲು ಕೂತ ಹಾವಿಗೆ ಅಷ್ಟು ರಿಯಾಯಿತಿ ಕೊಡಿ.

ನಮ್ಮ ಕುಲದವರು ಕಡಲಾಚೆಯ ಅಮೆರಿಕದವರು. ಅಲ್ಲಿ ಮೆಕ್ಕೆಜೋಳದ ಕಣಜಗಳಲ್ಲಿ ಇಲಿ ಹಿಡಿದು ಬದುಕುತ್ತಿದ್ದರಂತೆ. ಹಾಗಾಗಿ ಜನ ನಮ್ಮನ್ನು ಕಾರ್ನ್ ಸ್ನೇಕ್ ಎನ್ನುತ್ತಾರೆ. ನಾನು ಮಾತ್ರ ಹುಟ್ಟಿದ್ದು ಬೆಂಗಳೂರಿನ ಒಂದು ಮನೆಯ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಒದ್ದೆ ತೆಂಗಿನ ನಾರಿನ ಮೇಲೆ. ಮೂತಿಯಿಂದ ಮೊಟ್ಟೆ ಸೀಳಿ ಹೊರಗೆ ಇಣುಕಿದಾಗ ನಾನು ಪೆನ್ಸಿಲಿನಷ್ಟು ದಪ್ಪ ಇದ್ದೆ. ಆಗ ಮೇಲಿನಿಂದ ಏನೋ ಬಂತು. ಐದು ಕವಲುಗಳಿದ್ದ, ಬಿಸಿಯಾದ, ನನಗಿಂತ ನೂರು ಪಟ್ಟು ದೊಡ್ಡ ವಸ್ತು. ಹದ್ದು ಬರುವುದೂ ಮೇಲಿನಿಂದಲೇ ಎಂಬ ತಿಳಿವಳಿಕೆ ಹುಟ್ಟುವಾಗಲೇ ನಮ್ಮ ರಕ್ತದಲ್ಲಿರುತ್ತದೆ. ನಾನು ಕಚ್ಚಿದೆ. ಆ ವಸ್ತು ಫಕ್ಕನೆ ಮೇಲಕ್ಕೆ ಹಾರಿಹೋಯಿತು.

ಅದರ ಹೆಸರು ಕೈ ಎಂದು ಆಮೇಲೆ ತಿಳಿಯಿತು. ಕಚ್ಚಿದರೆ ಕೈ ಹೋಗುತ್ತದೆ. ಇದು ನಾನು ಕಲಿತ ಮೊದಲ ಪಾಠ, ಬಹಳ ಕಾಲ ಅದೊಂದೇ ಪಾಠ. ನನ್ನ ಒಡಹುಟ್ಟಿದವರು ಬೆರಳಿಗೆ ಸುತ್ತಿಕೊಂಡು ಮುದ್ದು ಮಾಡಿಸಿಕೊಳ್ಳುತ್ತಿದ್ದರೆ ನಾನು ಬಾಲ ನಡುಗಿಸುತ್ತ, ಕುತ್ತಿಗೆ ಮಡಚಿಕೊಂಡು ಕಾಯುತ್ತಿದ್ದೆ. ಕೈಯೆಂಬುದು ಏನು, ಅದಕ್ಕೆ ಏನು ಬೇಕು ಎಂಬ ಕುತೂಹಲ ನನಗೂ ಇತ್ತು. ಆದರೆ ವಿಚಾರಿಸಲು ಅದು ನಿಂತರೆ ತಾನೇ?

ನನ್ನ ಮೊದಲ ಒಡೆಯ ಹುಬ್ಬಳ್ಳಿಯ ಕಲ್ಮೇಶ. ಜಿಮ್ಮಿನಲ್ಲಿ ಕಸರತ್ತು ಕಲಿಸುವ ಆಳು. ತೋಳೆಂದರೆ ನನ್ನ ಇಡೀ ವಂಶವನ್ನೇ ಸುತ್ತಿಡಬಹುದಾದ ತೋಳು. ಕೊರಳಿಗೆ ಹಾವು ಹಾಕಿಕೊಂಡು ಫೋಟೊ ತೆಗೆಸಿಕೊಳ್ಳಬೇಕೆಂಬುದು ಅವನ ಆಸೆ. ನಾನೋ ಅವನ ಕಿರುಬೆರಳಿಗೂ ಸಾಲದ ಗಾತ್ರದವನು, ಅದರ ಮೇಲೆ ಕಚ್ಚುಬಾಯಿಯವನು. ಅವನ ದೊಡ್ಡವ್ವ ಒಂದು ಉಪಾಯ ಹೇಳಿಕೊಟ್ಟಳು.

“ಬಳ್ಳೊಳ್ಳಿ ವಾಸನಿಗೆ ಹಾವು ಓಡಿ ಹೊಕ್ಕೈತಿ. ಕೈಗೆ ಛಲೋತಂಗ ತಿಕ್ಕೊಂಡು ಹಿಡಿಯೋ, ಕಚ್ಚಂಗಿಲ್ಲ.”

ಓಡಿಹೋಗಲು ಗಾಜಿನ ಪೆಟ್ಟಿಗೆಯಲ್ಲಿ ಜಾಗ ಎಲ್ಲಿದೆ ಎಂದು ಇಬ್ಬರೂ ಯೋಚಿಸಲಿಲ್ಲ. ಕಲ್ಮೇಶ ದಿನಾ ಬೆಳ್ಳುಳ್ಳಿ ಜಜ್ಜಿ ತಿಕ್ಕಿಕೊಂಡು ಕೈ ಹಾಕುತ್ತಿದ್ದ. ನಾವು ಮೂಸುವುದು ನಾಲಿಗೆಯಿಂದ. ನಾಲಿಗೆ ಚಾಚಿದರೆ ಸಾಕು, ನೆತ್ತಿಯವರೆಗೂ ಘಾಟು! ಕೆಲವೇ ದಿನಗಳಲ್ಲಿ ಲೆಕ್ಕ ನನಗೆ ಸರಿಯಾಗಿ ಹೊಂದಿಕೊಂಡಿತು. ಘಾಟು ಬಂತೆಂದರೆ ಹಿಂದೆಯೇ ಕೈ ಬರುತ್ತದೆ, ಮೊದಲೇ ಸಿದ್ಧವಾಗಿರಬೇಕು. ನಾನು ಬುಸ್ ಎಂದರೆ ಅವನು ಕೈ ಎಳೆದುಕೊಳ್ಳುತ್ತಿದ್ದ. ಕೊನೆಕೊನೆಗೆ ಬುಸ್ ಎನ್ನುವುದೂ ಬೇಕಾಗಲಿಲ್ಲ, ತಲೆಯೆತ್ತಿದರೆ ಸಾಕಾಗಿತ್ತು. ಕಲ್ಮೇಶ ನನ್ನನ್ನು ಪಳಗಿಸಲಿಲ್ಲ ಎಂದು ಜನ ಆಡಿಕೊಂಡರು. ನಾನು ಅವನನ್ನು ಪಳಗಿಸಿದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಕಡೆಗೆ ಅವನು ಪೆಟ್ಟಿಗೆ ಸಮೇತ ನನ್ನನ್ನು ತನ್ನ ಅಕ್ಕನ ಗೆಳತಿ ದಾಕ್ಷಾಯಣಿಗೆ ಕೊಟ್ಟುಬಿಟ್ಟ. ದಾಕ್ಷಾಯಣಿಯದು ಖಾನಾವಳಿಯ ಮನೆ. ಕೆಳಗೆ ಊಟದ ಮೇಜುಗಳು, ಮೇಲೆ ವಾಸ. ಮೊಟ್ಟೆಯೂ ಹೊಸ್ತಿಲು ದಾಟದ ಆ ಮನೆಯಲ್ಲಿ ನನ್ನ ಊಟದ ಇಲಿಮರಿಗಳಿಗೆಂದು ಮಹಡಿಯ ಮೂಲೆಯಲ್ಲಿ ಬೇರೆಯೇ ಒಂದು ಪುಟ್ಟ ಫ್ರಿಜ್ಜು ಬಂತು. ಮೇಲೆ ಹಾವು ಇದೆ ಎಂಬುದು ಕೆಳಗೆ ಉಣ್ಣುವವರಿಗೆ ತಿಳಿಯಬಾರದೆಂದು ಕಟ್ಟಪ್ಪಣೆಯಾಯಿತು.

ದಾಕ್ಷಾಯಣಿ ಜಾಣೆ. ವಾಸನೆಯಿಲ್ಲದ ಸಾಬೂನಿನಿಂದ ಕೈ ತೊಳೆದು ಬರುತ್ತಿದ್ದಳು. ತನ್ನ ಹಳೆಯ ಕರವಸ್ತ್ರವನ್ನು ಪೆಟ್ಟಿಗೆಯಲ್ಲಿಟ್ಟಳು, ಅವಳ ವಾಸನೆ ನನಗೆ ರೂಢಿಯಾಗಲೆಂದು. ಮೇಲಿನಿಂದ ಬಾರದೆ ಪಕ್ಕದಿಂದ ಮೆಲ್ಲಗೆ ಕೈ ತರುತ್ತಿದ್ದಳು. ಉಂಡ ಮೇಲೆ ಎರಡು ದಿನ ನನ್ನನ್ನು ಮುಟ್ಟುತ್ತಿರಲಿಲ್ಲ. ಎಲ್ಲವೂ ಸರಿ, ಆದರೆ ನಾನು ಬಾಯಿ ಹಾಕಿದ ಕ್ಷಣ ಅವಳ ಕೈಯೂ ಹಾರಿಹೋಗುತ್ತಿತ್ತು.

“ಎಳಕೋಬಾರದು ಅಂತ ಗೊತ್ತೈತಬೇ, ಆದ್ರೂ ಕೈ ಕೇಳವಲ್ದು ನೋಡು,” ಎಂದು ಅವಳು ತಾಯಿಗೆ ಹೇಳುತ್ತಿದ್ದಳು.

ತಾಯಿ ನೀಲವ್ವ ಎದುರಿನ ಮಂಚದ ಮೇಲೆ, ಬಲಗೈಯನ್ನು ಸೆರಗಿನಡಿ ಮುಚ್ಚಿಕೊಂಡು ಕೂತಿರುತ್ತಿದ್ದಳು. ಅವಳಿಗೆ ಲಕ್ವ ಹೊಡೆದಿತ್ತು. ಮಾತು ಮರಳಿತು, ನಡಿಗೆ ಮರಳಿತು, ಕೈ ಆಡುತ್ತಿತ್ತು. ಆದರೆ ಆ ಕೈಗೆ ಸ್ಪರ್ಶವೇ ತಿಳಿಯುತ್ತಿರಲಿಲ್ಲ. ಊರಿನ ಅರ್ಧ ಜನ ಅವಳ ಕೈಯ ಜೋಳದ ರೊಟ್ಟಿಗೆಂದೇ ಬರುತ್ತಿದ್ದವರು. ಹಿಟ್ಟಿನ ಹದ, ರೊಟ್ಟಿಯ ತೆಳುವು, ಎಲ್ಲವನ್ನೂ ಅಂಗೈ ಹೇಳಬೇಕಲ್ಲ? ಒಮ್ಮೆ ಛಲ ಹಿಡಿದು ಒಲೆಯ ಮುಂದೆ ಕೂತವಳು ಕಾದ ಹಂಚಿನ ಮೇಲೆ ಕೈಯಿಟ್ಟು, ಸುಟ್ಟ ವಾಸನೆ ಬಂದ ಮೇಲೆಯೇ ಎಚ್ಚೆತ್ತಳಂತೆ. ಅಂದಿನಿಂದ ಕೆಳಗಿಳಿದಿರಲಿಲ್ಲ. ಕೂಲಿಯ ಹೆಂಗಸು ರೊಟ್ಟಿ ಬಡಿಯುವ ದಪದಪ ನೆಲದ ಮೂಲಕ ನನ್ನ ಹೊಟ್ಟೆಗೆ ಬರುತ್ತಿತ್ತು. ನೀಲವ್ವ ಅದನ್ನು ಕೇಳುತ್ತ ಮುಖ ಕಿವುಚುತ್ತಿದ್ದಳು.

“ಸ್ಪರ್ಶ ತಿರುಗಿ ಬರಬಹುದು, ಬಾರದೆಯೂ ಇರಬಹುದು,” ಎಂದಿದ್ದರು ಡಾಕ್ಟರು. ದಾಕ್ಷಾಯಣಿ ದಿನಾ ಪೊರಕೆ ಕಡ್ಡಿಯಿಂದ ಆ ಅಂಗೈಯನ್ನು ಚುಚ್ಚಿ ಕೇಳುತ್ತಿದ್ದಳು.

“ಗೊತ್ತಾತೇನಬೇ?”

“ಇಲ್ಲವಾ.”

ಒಂದು ದಿನ ದಾಕ್ಷಾಯಣಿ ಪೆಟ್ಟಿಗೆ ತೊಳೆಯಬೇಕಿತ್ತು. ನನ್ನನ್ನು ಹಾಕಿಡುವ ಡಬ್ಬಿಯ ಮುಚ್ಚಳ ಒಡೆದಿತ್ತು.

“ತಾ ಇಲ್ಲೆ, ನಾ ಹಿಡಕೋತೀನಿ,” ಎಂದಳು ನೀಲವ್ವ, ಸೆರಗಿನಡಿಯಿಂದ ಬಲಗೈ ತೆಗೆದು. “ಛಲೋ ಕೈ ಕೊಡಂಗಿಲ್ಲ ಮತ್ತ. ಇದು ಹೆಂಗಿದ್ರೂ ಸತ್ತ ಕೈ.”

ನನ್ನನ್ನು ಅದರ ಮೇಲೆ ಇಳಿಸಿದರು. ನಾನು ನನ್ನ ಪದ್ಧತಿಯಂತೆ ಹೆಬ್ಬೆರಳಿನ ಬುಡಕ್ಕೆ ಕಚ್ಚಿದೆ.

ಕೈ ಹೋಗಲಿಲ್ಲ.

ನನಗೆ ಎಷ್ಟು ಆಶ್ಚರ್ಯವಾಯಿತೆಂದರೆ ಬಾಯಿ ಬಿಡುವುದನ್ನೇ ಮರೆತೆ. ಇನ್ನಷ್ಟು ಒತ್ತಿ ಕಚ್ಚಿದೆ. ಕೈ ಇದ್ದಲ್ಲೇ ಇತ್ತು, ಬೆಚ್ಚಗೆ, ಸುಮ್ಮನೆ.

“ಅಯ್ಯ ಯವ್ವಾ, ಕಚ್ಚಾಕತ್ತೈತಬೇ! ತಡಿ, ಬಿಡಸ್ತೀನಿ!”

“ಹೌದೇನು? ಬಿಡು, ಅದಕ್ಕ ಸಾಕಾದ್ರ ತಾನ ಬಿಡತೈತಿ.”

ಸಾಕಾಯಿತು, ಬಿಟ್ಟೆ. ಆಮೇಲೆ ಮೊದಲ ಬಾರಿಗೆ ಒಂದು ಕೈಯನ್ನು ಪುರಸತ್ತಾಗಿ ಮೂಸಿದೆ. ಬೆರಳುಗಳ ಸಂದಿಗಳಲ್ಲಿ ನುಸುಳಿದೆ, ಉಗುರುಗಳನ್ನು ಸುತ್ತಿ ಬಂದೆ, ಸುಟ್ಟ ಕಲೆಯ ನುಣುಪನ್ನು ಹೊಟ್ಟೆಯಿಂದ ಅಳೆದೆ. ಮಣಿಕಟ್ಟಿನಲ್ಲಿ ಒಳಗೆ ಏನೋ ಮಿಡಿಯುತ್ತಿತ್ತು. ಹಾಗಾದರೆ ಇದೂ ನನ್ನಂತೆ ಒಂದು ಜೀವ! ಇಷ್ಟು ದಿನ ಹದ್ದೆಂದು ತಿಳಿದದ್ದು ಹದ್ದಾಗಿರಲಿಲ್ಲ. ನಾನು ಸಂತೋಷದಿಂದ ಅಲ್ಲಿಯೇ ಸುರುಳಿ ಸುತ್ತಿ ಮಲಗಿದೆ.

ಮೇಲಿನಿಂದ ಒಂದು ಬಿಸಿ ಹನಿ ನನ್ನ ಬೆನ್ನಿಗೆ ಬಿತ್ತು. “ಹಾವು ಕಚ್ಚಿದ್ರೂ ಗೊತ್ತಾಗವಲ್ದಲ್ಲ ದಾಕ್ಷಿ,” ಎನ್ನುತ್ತಿದ್ದಳು ನೀಲವ್ವ. “ಇನ್ನೇನ್ ಬರತೈತಿ ಬಿಡು ಇದಕ್ಕ.” ನನಗೆ ಬದುಕಿನಲ್ಲೇ ದೊಡ್ಡ ಹಬ್ಬವಾದ ಗಳಿಗೆ ಅವಳಿಗೆ ಅಷ್ಟು ದುಃಖದ್ದಾಗಿತ್ತು. ಅದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ಅಂದಿನಿಂದ ಪೊರಕೆ ಕಡ್ಡಿ ಮೂಲೆ ಸೇರಿತು, ದಿನಾ ಆ ಕೈ ನನ್ನ ಪಾಲಿಗೆ ಬರತೊಡಗಿತು. ಇನ್ನೂ ಕೆಲವು ಸಲ ಕಚ್ಚಿ ನೋಡಿದೆ, ಪ್ರಯೋಜನವಾಗಲಿಲ್ಲ. ಉಪಯೋಗವಿಲ್ಲದ ಕೆಲಸವನ್ನು ಹಾವೂ ಮಾಡುವುದಿಲ್ಲ. ಕಚ್ಚುವುದು ತಪ್ಪಿತು, ಬಾಲ ನಡುಗುವುದು ತಪ್ಪಿತು. ಆಮೇಲೆ ದಾಕ್ಷಾಯಣಿಯ ಕೈಗೂ ಹೋದೆ. ಅವಳು ಹಿಗ್ಗಿದಳು. ನಾನು ಉದ್ದ ಬೆಳೆದ ಮೇಲೆ ಕಲ್ಮೇಶ ಬಂದು ಕೊರಳಿಗೆ ಹಾಕಿಕೊಂಡು ಫೋಟೊ ತೆಗೆಸಿಕೊಂಡು ಹೋದ, ಕಣ್ಣು ಮುಚ್ಚಿಕೊಂಡೇ.

ಈಗ ನನಗೆ ವಯಸ್ಸಾಗಿದೆ. ಪೊರೆ ಬಿಡುವುದೂ ಅಪರೂಪ. ಬೆಚ್ಚಗಿನ ಮೂಲೆಯಲ್ಲಿ ಬಿದ್ದುಕೊಂಡು ಮೆಲ್ಲಗೆ ನೆನಪು ಮೆಲ್ಲುತ್ತೇನೆ. ಆದರೆ ನಾನು ಎಳೆ ಪ್ರಾಯ ದಾಟಿದ ವರ್ಷದ ಒಂದು ಬೆಳಗನ್ನು ಹೇಳದೆ ಮುಗಿಸಲಾರೆ.

ಆ ದಿನ ಪಕ್ಕದ ಕೋಣೆಯಲ್ಲಿ ಹೊಸ ಜೋಳದ ಚೀಲ ಇಳಿಸಿದ್ದರು. ಚೀಲ ಬಂದರೆ ಬಲಗೈಯನ್ನು ಮೊಣಕೈವರೆಗೂ ತೂರಿಸಿ, ಅಡಿಯಿಂದ ಒಂದು ಹಿಡಿ ತೆಗೆದು ನೋಡುವುದು ನೀಲವ್ವನ ರೂಢಿ. ಕೈಗೆ ಏನೂ ತಿಳಿಯದಿದ್ದರೂ ರೂಢಿ ಬಿಟ್ಟಿರಲಿಲ್ಲ. ಆ ಚೀಲದೊಳಗೆ ಇಲಿಗಳು ಸಂಸಾರ ಹೂಡಿದ್ದು ಅವಳಿಗೆ ಹೇಗೆ ಗೊತ್ತಾಗಬೇಕು? ನೇರವಾಗಿ ಬಂದು ಅದೇ ಕೈಯನ್ನು ನನ್ನ ಪೆಟ್ಟಿಗೆಗೆ ಇಳಿಸಿದಳು.

ನಾನು ಪೊರೆ ಬಿಟ್ಟು ಹಸಿದು ಕೂತಿದ್ದೆ. ನಾಲಿಗೆಗೆ ಬಂದದ್ದು ಇಲಿಯ ವಾಸನೆ, ಅಪ್ಪಟ ಇಲಿ! ಹಿಂದುಮುಂದು ನೋಡದೆ ಎರಗಿ ಬೆರಳನ್ನು ಕಚ್ಚಿ ಹಿಡಿದೆ.

“ಅಯ್ಯಯ್ಯಪ್ಪಾ!”

ಕೈ ಹಾರಿಹೋಯಿತು. ಎಂದೂ ಹೋಗದಿದ್ದ ಕೈ! ನಾನು ದಿಕ್ಕುಗೆಟ್ಟು ಪೆಟ್ಟಿಗೆಯಲ್ಲಿದ್ದ ಸೌದೆ ತುಂಡಿನ ಹಿಂದೆ ಅಡಗಿದೆ. ಇದ್ದ ಒಬ್ಬ ಗೆಳೆಯನನ್ನು ಕಳೆದುಕೊಂಡೆ ಎಂದು ನನಗೆ ತೀರ ಭಯವಾಯಿತು.

“ದಾಕ್ಷೀ! ಏ ದಾಕ್ಷೀ! ನೋವಾತು! ಉರಿಯಾಕತ್ತೈತಿ ಬಾರೇ!”

ದಾಕ್ಷಾಯಣಿ ಮೆಟ್ಟಿಲು ಹತ್ತಿ ಓಡಿ ಬಂದಳು. ತಾಯಿಯ ಬೆರಳಿನ ರಕ್ತ ನೋಡಿದಳು, ತಾಯಿಯ ಮುಖ ನೋಡಿದಳು, ಆ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಅತ್ತಳು. ಅಳುತ್ತಲೇ ನಲ್ಲಿಯ ಕೆಳಗೆ ಸಾಬೂನು ಹಚ್ಚಿ ತೊಳೆದಳು.

ತೊಳೆದ ಕೈ ತಿರುಗಿ ಪೆಟ್ಟಿಗೆಗೆ ಬಂತು.

“ಇನ್ನೊಮ್ಮೆ ಕಚ್ಚು ನನ್ನಪ್ಪಾ,” ಎಂದಳು ನೀಲವ್ವ. “ಖರೇನೋ ಸುಳ್ಳೋ ನೋಡ್ತೀನಿ. ಒಂದ ಸಲ ಕಚ್ಚು.”

ನಾನು ಹೊರಗೆ ಬಂದು ನಾಲಿಗೆ ಚಾಚಿದೆ. ಇಲಿಯ ವಾಸನೆ ಇರಲಿಲ್ಲ, ಅವಳ ವಾಸನೆ ಮಾತ್ರ ಇತ್ತು. ಎಷ್ಟು ಬೇಡಿಕೊಂಡರೂ ನನಗೆ ಬಾಯಿ ತೆರೆಯಲಾಗಲಿಲ್ಲ. ಎಂದಿನಂತೆ ಮೆಲ್ಲಗೆ ಅಂಗೈ ಏರಿ, ಸುರುಳಿ ಸುತ್ತಿಕೊಂಡೆ.

ನೀಲವ್ವ ಬೆರಳುಗಳನ್ನು ನನ್ನ ಸುತ್ತ ಮೆಲ್ಲಗೆ ಮಡಚಿದಳು. ಆಮೇಲೆ ಮಗಳ ಕಡೆ ತಿರುಗಿದಳು.

“ದಾಕ್ಷಿ, ಇದು ಇಷ್ಟ ತಣ್ಣಗೈತೇನ?”