ಶೀಶೆಯಲ್ಲಿ ಹಣಮಂತಪ್ಪ

ಆ ಫೋನ್ ಬಂದಾಗಿನಿಂದ ಸಖುಬಾಯಿಗೆ ರೊಟ್ಟಿ ಗಂಟಲಲ್ಲಿ ಇಳಿದಿರಲಿಲ್ಲ. ಗಂಡ ಹಣಮಂತಪ್ಪ ಎದೆನೋವಿನಿಂದ ತೀರಿಕೊಂಡು ಹತ್ತು ದಿನವಾಗಿತ್ತು. ಮೂರನೆಯ ದಿನ ಸಮಾಧಿಯ ಮೇಲೆ ಹಾಲುತುಪ್ಪ ಬಿಟ್ಟು, ಇನ್ನು ಹಿಂದೆ ತಿರುಗಿ ನೋಡಬೇಡ ಎಂದು ಕಳಿಸಿಕೊಟ್ಟವಳು ಇವಳೇ. ಆಮೇಲೆ ಬೀದರಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಭಾಲ್ಕಿಯ ಹುಡುಗಿ ವಿಶಾಖಾ, ಹಣಮಂತಪ್ಪನ ಹೊಟ್ಟೆಯ ಆಪರೇಷನ್ ಗಾಯ ಮಾಯಿತೇ ಎಂದು ವಿಚಾರಿಸಲು ಫೋನ್ ಮಾಡಿದಳು. ಸುದ್ದಿ ಕೇಳಿ ಮರುಗಿ, ಯಜಮಾನರ ಕೋಶಗಳು ಚೆನ್ನಾಗಿ ಬೆಳೆಯುತ್ತಿವೆ, ಮುಂದುವರಿಸಬಹುದೇ ಎಂದಳು. ಓದಿದವರಿಗೆ ಫೋನಿನಲ್ಲಿ ಏನು ಹೇಳಬಾರದು ಎಂಬುದನ್ನು ಯಾರೂ ಕಲಿಸುವುದಿಲ್ಲ.

ಬೆಳೆಯುತ್ತಿವೆ! ಹಾಗಾದರೆ ಪೂರ್ತಿ ಸಾಯದವನಿಗೆ ಹಾಲುತುಪ್ಪ ಬಿಟ್ಟೆನೇ? ದಾರಿ ಸಿಗದೆ ಅವನು ಬಾಗಿಲಿಗೇ ಬಂದು ನಿಂತರೆ? ಯಾರ ಮುಂದೆಯೂ ಬಾಯಿ ಬಿಡದೆ ಸಖುಬಾಯಿ ತನ್ನೂರು ಎಕಂಬಾದಿಂದ ಔರಾದಿಗೆ, ಅಲ್ಲಿಂದ ಬೀದರಿಗೆ ಬಸ್ಸು ಹಿಡಿದಳು.

ವಿಶಾಖಾ ಕುರ್ಚಿ ಕೊಟ್ಟು ವಿವರಿಸಿದಳು. ಹೊಟ್ಟೆಯ ಆಪರೇಷನ್ ಆದಾಗ ಹಣಮಂತಪ್ಪ ಸಂಶೋಧನೆಗೆಂದು ಒಪ್ಪಿ ಕೊಟ್ಟ ಚೂರು ಕೊಬ್ಬು ಅದು. ಅದನ್ನು ಕರಗಿಸಿ, ಯಂತ್ರದಲ್ಲಿ ಗರಗರ ತಿರುಗಿಸಿ, ತೇಲಿದ ಎಣ್ಣೆ ತೆಗೆದು, ತಳಕ್ಕಿಳಿದ ಕಾಂಡಕೋಶಗಳನ್ನು ಒಂದು ಶೀಶೆಯಲ್ಲಿ ಬೆಳೆಸಿದ್ದರು. ಸವೆದ ಮೊಣಕಾಲಿಗೆ ಮುಂದೊಂದು ದಿನ ಮದ್ದಾದೀತೆಂಬ ಆಸೆ.

“ಅಂವ ಇದರಾಗ ಅದಾನೇನವ್ವ?” ಸಖುಬಾಯಿ ಶೀಶೆ ತೋರಿಸಿದಳು.

“ಅವರಿಲ್ರಿ ಅಮ್ಮ. ಕೋಶ ಅಷ್ಟೇ. ನೋವು, ನೆನಪು ಏನೂ ಇಲ್ರಿ.”

“ಜೀವ?”

ವಿಶಾಖಾಗೆ ಸುಳ್ಳು ಹೇಳಲು ಬರುವುದಿಲ್ಲ. “ಜೀವ ಅದರಿ.”

ಸಖುಬಾಯಿ ಸೂಕ್ಷ್ಮದರ್ಶಕದಲ್ಲಿ ಇಣುಕಿದಳು. ಉದ್ದುದ್ದನೆಯ ಎಳೆಗಳು ತಳವನ್ನು ಗಟ್ಟಿಯಾಗಿ ಕಚ್ಚಿಕೊಂಡಿದ್ದವು. ಅವಳು ಥಟ್ಟನೆ ಹಿಂದೆ ಸರಿದಳು.

“ಸಾಕು ಮಾಡವ್ವ. ಅಂವನ್ನ ಬಿಟ್ಟುಬಿಡು.”

“ಆಯ್ತ್ರಿ. ಈ ಒಪ್ಪಿಗೆ ಕಾಗದದ ಮ್ಯಾಲ ಹೆಬ್ಬಟ್ಟು ಒತ್ತರಿ. ಔಷಧ ಹಾಕಿದ್ರ ಈಗೇ ಮುಗೀತದ.”

ಸತ್ತವನನ್ನು ಈಗ ತನ್ನ ಹೆಬ್ಬೆರಳೇ ಮತ್ತೊಮ್ಮೆ ಕೊಲ್ಲುತ್ತದಲ್ಲ ಎಂದು ಅವಳು ಕೈ ಹಿಂದೆಳೆದುಕೊಂಡಳು. ಉಳಿಸಲೂ ಭಯ, ಅಳಿಸಲೂ ಭಯ. ಕಣ್ಣು ಮುಚ್ಚಿ ಒತ್ತಿಬಿಟ್ಟಳು.

ವಿಶಾಖಾ ಶೀಶೆ ಎತ್ತಿಕೊಂಡಳು. ಅದರ ಪಕ್ಕದಲ್ಲಿ ಗುಲಾಬಿ ಬಣ್ಣದ ನೀರಿನ ಬಾಟಲಿಯೊಂದಿತ್ತು.

“ಅದೇನವ್ವ?”

“ಕೋಶಗಳ ಆಹಾರರಿ. ಇವತ್ತ ಹಾಕೋ ದಿನ ಇತ್ತು.”

ಸಖುಬಾಯಿ ಅವಳ ಮುಂಗೈ ಹಿಡಿದುಕೊಂಡಳು.

“ಹಂಗಾರ ಮೊದಲ ಅದು ಹಾಕವ್ವ. ಹಸದ ಹೊಟ್ಟೀಲೆ ಕಳಸಬ್ಯಾಡ.”